ಮೊದಲು ಶೀರ್ಷಿಕೆ, ಆಮೇಲೆ ವಿಚಾರಣೆ

(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹದಿಹರೆಯದ ಮಕ್ಕಳ ಕುರಿತು ಮಾಧ್ಯಮಗಳು ಆಡುವ ಮಾತನ್ನು ನಾವು ಸುದ್ದಿಯೆಂದು ಓದಿ ಮರೆಯುತ್ತೇವೆ. ಆದರೆ ಆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಅದು ಪೊಲೀಸ್ ಠಾಣೆಯನ್ನು, ನ್ಯಾಯಾಲಯವನ್ನು, ಶಾಸನ ಸಭೆಯನ್ನು ಪ್ರವೇಶಿಸುತ್ತದೆ. ಕೊನೆಗೆ ನಮ್ಮ ಮನೆಯೊಳಗೂ ಬಂದು ಕೂರುತ್ತದೆ. ನ್ಯೂಯಾರ್ಕ್ ನಗರದ ಒಂದು ಪ್ರಕರಣವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

1989ರ ಎಪ್ರಿಲ್ 19ರ ರಾತ್ರಿ ಅಲ್ಲಿನ ಸೆಂಟ್ರಲ್ ಪಾರ್ಕ್‌ನಲ್ಲಿ ಓಟಕ್ಕೆ ಹೋಗಿದ್ದ ಯುವತಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಆಕೆ ಬದುಕುಳಿದದ್ದೇ ದೊಡ್ಡದು. ಪೊಲೀಸರು 14ರಿಂದ 16ರ ಪ್ರಾಯದ ಐವರು ಹುಡುಗರನ್ನು ಹಿಡಿದರು. ನಾಲ್ವರು ಕರಿಯ ಜನಾಂಗದವರು, ಒಬ್ಬ ಲ್ಯಾಟಿನ್ ಮೂಲದವನು. ಅವರಲ್ಲೊಬ್ಬ 15ರ ಯೂಸುಫ್ ಸಲಾಮ್, ಮುಸ್ಲಿಮ್ ಹುಡುಗ. ನ್ಯಾಯಾಲಯದಲ್ಲಿ ವಿಚಾರಣೆ ಆರಂಭವಾಗುವ ಮೊದಲೇ ಪತ್ರಿಕೆಗಳು ಅವರನ್ನು ತೋಳಗಳ ಹಿಂಡು ಎಂದು ಕರೆದವು. ಅಪ್ರಾಪ್ತರಾಗಿದ್ದರೂ ಹೆಸರುಗಳನ್ನು ಮುದ್ರಿಸಲಾಯಿತು. ಆಗ ಕಟ್ಟಡ ಉದ್ಯಮಿಯಾಗಿದ್ದ ಡೊನಾಲ್ಡ್ ಟ್ರಂಪ್ ನಗರದ 4 ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ನೀಡಿ, ಮರಣದಂಡನೆಯನ್ನು ಮರಳಿ ತರಬೇಕೆಂದು ಆಗ್ರಹಿಸಿದರು.

ಡಿಎನ್‌ಎ ಐವರಲ್ಲಿ ಯಾರೊಂದಿಗೂ ತಾಳೆಯಾಗಲಿಲ್ಲ. ಆದರೂ 1990ರಲ್ಲಿ ಅವರಿಗೆ ಶಿಕ್ಷೆಯಾಯಿತು. 2002ರಲ್ಲಿ ಬೇರೊಬ್ಬ ಕೈದಿ ಕೃತ್ಯ ತನ್ನದೆಂದು ಒಪ್ಪಿಕೊಂಡ. ಡಿಎನ್‌ಎ ಅವನದ್ದೇ ಆಗಿತ್ತು! ಶಿಕ್ಷೆ ರದ್ದಾಯಿತು. 2014ರಲ್ಲಿ ನಗರಾಡಳಿತವು 4 ಕೋಟಿ 10 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಸೆರೆಮನೆಯಲ್ಲಿ ಕಳೆದುಹೋದ ಪ್ರಾಯಕ್ಕೆ ಯಾವ ಡಾಲರ್ ಸಾಕಾದೀತು? ಅದೇ ಯೂಸುಫ್ 2023ರಲ್ಲಿ ಆ ನಗರದ ಕೌನ್ಸಿಲ್‌ಗೆ ಆಯ್ಕೆಯಾದರು ಎಂಬುದು ಸಂತೋಷದ ವಿಷಯ. ಆದರೆ ಎಲ್ಲ ಹುಡುಗರ ಕಥೆ ಹಾಗೆ ಮುಗಿಯುವುದಿಲ್ಲ.

ಅಷ್ಟರಲ್ಲಿ ತೋಳದ ಮಾತಿಗೆ ವಿದ್ವತ್ತಿನ ಮುದ್ರೆಯೂ ಬಿದ್ದಿತ್ತು. 1995ರಲ್ಲಿ ಪ್ರಾಧ್ಯಾಪಕ ಜಾನ್ ಡಿಲೂಲಿಯೊ ‘ಸೂಪರ್ ಪ್ರಿಡೇಟರ್’ ಎಂಬ ಪದ ಬಳಸಿ, ದಯೆಯೇ ಅರಿಯದ ಹದಿಹರೆಯದವರ ಒಂದು ಪೀಳಿಗೆ ಬರಲಿದೆ ಎಂದು ಎಚ್ಚರಿಸಿದರು. ಮಾಧ್ಯಮಗಳು ಪದವನ್ನು ಎತ್ತಿಕೊಂಡವು. ಆ ದಶಕದಲ್ಲಿ ಅಮೇರಿಕದ ರಾಜ್ಯಗಳು ಒಂದರ ಹಿಂದೆ ಒಂದರಂತೆ ಮಕ್ಕಳನ್ನು ವಯಸ್ಕರ ನ್ಯಾಯಾಲಯಕ್ಕೆ ಒಪ್ಪಿಸುವ ಕಾನೂನು ತಂದವು. ಆದರೆ ಬಾಲಾಪರಾಧ ಏರಲಿಲ್ಲ, ಇಳಿಯಿತು. ಭವಿಷ್ಯವಾಣಿ ಸುಳ್ಳಾಯಿತೆಂದು ಸ್ವತಃ ಆ ಪ್ರಾಧ್ಯಾಪಕರೇ ಒಪ್ಪಿಕೊಂಡರು. ಕಾನೂನುಗಳು ಮಾತ್ರ ಉಳಿದವು.

ನಮ್ಮಲ್ಲೇನು ಭಿನ್ನ? 2012ರ ದಿಲ್ಲಿ ಪ್ರಕರಣದ 6 ಮಂದಿ ಆರೋಪಿಗಳಲ್ಲಿ ಒಬ್ಬ 18 ತುಂಬದವನು. ಆ ಅಪರಾಧವನ್ನು ಸಣ್ಣದೆನ್ನುವ ಮನುಷ್ಯರಿರಲಾರರು. ಆದರೆ ಟಿ.ವಿ. ಚರ್ಚೆಗಳು ಅವನೊಬ್ಬನನ್ನು ಆ ಪ್ರಾಯದ ಎಲ್ಲರ ಪ್ರತಿನಿಧಿಯಾಗಿಸಿದವು. ಆ ವರ್ಷ ದಂಡ ಸಂಹಿತೆಯಡಿ ದಾಖಲಾದ ಅಪರಾಧಗಳಲ್ಲಿ ಬಾಲಾಪರಾಧಿಗಳ ಪಾಲು ಶೇ. 1ರ ಆಸುಪಾಸಿನಲ್ಲಿತ್ತು ಎಂಬುದನ್ನು ಎಷ್ಟು ವಾಹಿನಿಗಳು ಹೇಳಿದವು? 2015ರ ಬಾಲನ್ಯಾಯ ಕಾಯ್ದೆಯು, ಘೋರ ಅಪರಾಧದ ಆರೋಪವಿರುವ 16ರಿಂದ 18ರೊಳಗಿನವರನ್ನು ವಯಸ್ಕರಂತೆ ವಿಚಾರಿಸಲು ದಾರಿ ತೆರೆಯಿತು. ಅದೇ ಕಾಯ್ದೆಯ 74ನೇ ಸೆಕ್ಷನ್ ಇಂತಹ ಮಕ್ಕಳ ಹೆಸರು, ವಿಳಾಸ, ಶಾಲೆ ಪ್ರಕಟಿಸುವುದನ್ನು ನಿಷೇಧಿಸುತ್ತದೆ. 6 ತಿಂಗಳ ವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿ ವರೆಗೆ ದಂಡ, ಇಲ್ಲವೇ ಎರಡೂ. ಹೆಸರು ಬಿಟ್ಟು, ತಂದೆಯ ಅಂಗಡಿ ಯಾವ ಬೀದಿಯಲ್ಲಿದೆ ಎಂದು ಬರೆದರೆ ಮುಚ್ಚಿಟ್ಟದ್ದಾದರೂ ಏನನ್ನು? ಪತ್ರಿಕೆಯವರಾದ ನಾವೂ ಈ ಪ್ರಶ್ನೆಯಿಂದ ಹೊರತಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ದಾಟಿಸುವ ತಾವೂ ಹೊರತಲ್ಲ.

ಇನ್ನು ಮನೆಯ ವಿಷಯ. ರಸ್ತೆಬದಿಯಲ್ಲಿ ನಾಲ್ವರು ಹುಡುಗರು ನಿಂತು ನಕ್ಕರೆ ದಾರಿಹೋಕರ ನೋಟ ಬದಲಾಗುತ್ತದೆ. ಅವರಲ್ಲೊಬ್ಬ ಟೋಪಿ ಧರಿಸಿದ್ದರೆ ಇನ್ನಷ್ಟು. ಆ ಹುಡುಗ ಮನೆಗೆ ಬಂದರೆ ಅಲ್ಲೂ ಅದೇ ನೋಟ: ಟ್ಯೂಶನ್‌ನಿಂದ ಅರ್ಧ ಗಂಟೆ ತಡವೇಕೆ, ಬ್ಯಾಗ್ ತೆರೆ, ಮೊಬೈಲ್ ಕೊಡು. ಅವನು ಮಾತು ಕಡಿಮೆ ಮಾಡುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ. ಆ ಮೌನವನ್ನೇ ನಾವು ಅಪರಾಧದ ಪುರಾವೆಯೆಂದು ಎಣಿಸುತ್ತೇವೆ.

ನ್ಯೂಯಾರ್ಕ್‌ನಲ್ಲಿ ಆ ಹುಡುಗರನ್ನು ಗಂಟೆಗಟ್ಟಲೆ ಪ್ರಶ್ನಿಸಿ ತಪ್ಪೊಪ್ಪಿಗೆ ಪಡೆಯಲಾಗುತ್ತಿದ್ದಾಗ, ಯೂಸುಫ್‌ನ ತಾಯಿ ಠಾಣೆಗೆ ಧಾವಿಸಿ, ಮಗನನ್ನು ಪ್ರಶ್ನಿಸುವುದನ್ನು ನಿಲ್ಲಿಸಬೇಕೆಂದು ಪಟ್ಟು ಹಿಡಿದರು. ಹಾಗಾಗಿ ಅವನ ಹೇಳಿಕೆಗೆ ಸಹಿಯೂ ಇರಲಿಲ್ಲ, ವೀಡಿಯೋವೂ ಇರಲಿಲ್ಲ. ಶಿಕ್ಷೆಯಂತೂ ಆಯಿತು. ಆದರೆ ಊರೆಲ್ಲಾ ತೋಳವೆಂದಾಗ, ಅವನನ್ನು ಮಗನೆಂದೇ ಕಂಡವರು ಒಬ್ಬರಿದ್ದರು.