ಕಾಣದ ಜೀವಿಗಳ ಲೆಕ್ಕ



ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾ ನದಿಗೆ ಅಡ್ಡಲಾಗಿ ಬ್ಯಾರೇಜ್ ಇದೆ. ಅಲ್ಲಿ ಒಂದು ದಿನ ಬಲೆ ಬೀಸಿ, ಸಿಕ್ಕ ಮೀನುಗಳ ಪಟ್ಟಿಯೇ ಭೀಮೆಯ ಸಮಸ್ತ ಮೀನುಗಳ ಪಟ್ಟಿಯೆಂದರೆ ಯಾವ ಬೆಸ್ತನೂ ಒಪ್ಪಲಾರನು. ಬಲೆಗೆ ಬೀಳದ ಮೀನು ನದಿಯಲ್ಲಿ ಇಲ್ಲದ ಮೀನಲ್ಲ. ಬಯಲುಸೀಮೆಯ ಈ ವಿವೇಕ ಮಲೆನಾಡಿನ ಕಾಡಿಗೂ ಸಲ್ಲುತ್ತದೆ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇದಕ್ಕೆ ನಿದರ್ಶನ. ಅಲ್ಲಿಯ ರಾಮಪತ್ರೆ ಜಡ್ಡಿಯಲ್ಲಿ ಬೆಳೆಯುವ ಒಂದು ಹೆಮ್ಮರಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂಬ ವೈಜ್ಞಾನಿಕ ನಾಮಕರಣವಾದದ್ದು 2000ರಲ್ಲಿ. ಮೊಟ್ಟೆಗಳಿಗೆ ಕೆಸರು ಮೆತ್ತುವ ಕುಂಬಾರ ಕಪ್ಪೆ ವಿಜ್ಞಾನಕ್ಕೆ ಪರಿಚಯವಾದದ್ದು 2014ರಲ್ಲಿ. ಅದಕ್ಕೂ ಮೊದಲು ಅವು ಕಾಡಿನಲ್ಲಿದ್ದವು, ಪಟ್ಟಿಯಲ್ಲಿರಲಿಲ್ಲ, ಅಷ್ಟೆ.

ಹಾಗಾದರೆ ಕಾಣದಿರುವುದನ್ನು ಎಣಿಸುವುದೆಂತು? ಒಂದೇ ಬಾರಿ ಕಂಡ ಪ್ರಭೇದಗಳು ಹೆಚ್ಚಿದ್ದಷ್ಟೂ ಇನ್ನೂ ಕಾಣದವು ಹೆಚ್ಚಿರುತ್ತವೆ. 1984ರಲ್ಲಿ ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ ಇದಕ್ಕೊಂದು ಸರಳ ಸೂತ್ರ ನೀಡಿದರು. ಒಮ್ಮೆ ಮಾತ್ರ ಕಂಡ ಪ್ರಭೇದಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎರಡು ಬಾರಿ ಕಂಡವುಗಳ ಇಮ್ಮಡಿಯಿಂದ ಭಾಗಿಸಬೇಕು. 1943ರಲ್ಲಿ ಪ್ರಕಟವಾದ ಮಲಯದ ಚಿಟ್ಟೆಗಳ ಸಂಗ್ರಹದಲ್ಲಿ ಒಂದೊಂದೇ ಸಿಕ್ಕ ಪ್ರಭೇದಗಳು 118, ಎರಡೆರಡು ಸಿಕ್ಕವು 74. ಲೆಕ್ಕ ಹಾಕಿದರೆ, ಕೈಗೆ ಸಿಗದೆ ಉಳಿದವು ಸುಮಾರು 94.

ಇದು ಕನಿಷ್ಠ ಅಂದಾಜು. ನಿಜಸಂಖ್ಯೆ ಇದಕ್ಕಿಂತ ಹೆಚ್ಚಿರಬಹುದು. ಜೀವಿಯನ್ನು ತಪ್ಪಾಗಿ ಗುರುತಿಸಿದರೆ ಲೆಕ್ಕವೂ ತಪ್ಪುತ್ತದೆ. ಬೇಸಿಗೆಯಲ್ಲಿ ಮಾತ್ರ ಹುಡುಕಿದವರಿಗೆ ಮಳೆಗಾಲದ ಕಪ್ಪೆಗಳ ಲೆಕ್ಕ ಯಾವ ಸೂತ್ರದಿಂದಲೂ ದೊರೆಯದು.

ಆದ್ದರಿಂದ ಯೋಜನೆಯೊಂದರ ಪರಿಸರ ವರದಿಯಲ್ಲಿ ‘ಅಪರೂಪದ ಜೀವಿಗಳಿಲ್ಲ’ ಎಂಬ ವಾಕ್ಯ ಕಂಡಾಗ ಗ್ರಾಮಸ್ಥರು ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ದಿನ ಹುಡುಕಿದಿರಿ? ಯಾವ ಋತುಗಳಲ್ಲಿ? ಒಮ್ಮೆ ಮಾತ್ರ ಕಂಡವು ಎಷ್ಟು? ಅಪರೂಪದ ಜೀವಿಯೇ ಸಮೀಕ್ಷೆಯ ಕಣ್ಣಿಗೆ ಮೊದಲು ತಪ್ಪುವುದು. ಕಾಡು ಕಡಿದಾಗ ಮೊದಲು ಅಳಿಯುವುದೂ ಅನೇಕ ವೇಳೆ ಅದೇ.

2002ರ ಜೀವವೈವಿಧ್ಯ ಕಾಯ್ದೆಯನ್ವಯ ಊರೂರಿನಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ನಡೆಯಬೇಕಾಗಿದೆ. ವಿದ್ಯಾರ್ಥಿಗಳು ಅದರಲ್ಲಿ ಕೇವಲ ಹೆಸರುಗಳನ್ನಲ್ಲ, ಪ್ರತಿಯೊಂದನ್ನೂ ಎಷ್ಟು ಬಾರಿ, ಎಲ್ಲಿ, ಯಾವಾಗ ಕಂಡದ್ದೆಂಬುದನ್ನೂ ಬರೆಯಲಿ. ಜೇನು ಕೀಳುವವರು, ಸೊಪ್ಪು ತರುವವರು, ದನ ಕಾಯುವವರು ಅವರಿಗೆ ಗುರುಗಳಾಗಲಿ. ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ, ಕಾಣದ್ದರ ಪರವಾಗಿಯೂ ವಾದಿಸಲು ಆಧಾರ ದೊರೆಯುತ್ತದೆ.