ತಮಟೆಗೂ ಮೈಕು ಕೊಡೋಣ



ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ರೂಮಿಗೆ ಬಂದ ನಮ್ಮ ಹುಡುಗರು ಮೊಬೈಲಿನಲ್ಲಿ ರ‍್ಯಾಪ್ ಕೇಳ್ತಾರೆ. ಅದು ಅಮೆರಿಕದ ಶೋಕಿ ಅಂತ ನಗೋರಿದ್ದಾರೆ. ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟಿನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಬಡ ಕಪ್ಪು ಜನರ ನಡುವೆ. ಅದೇ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ನಮ್ಮ ಹಿರಿಯರು ಪೆಟ್ಟು ತಿಂದರು, ಹಾಡು ಕಟ್ಟಿದರು. ಅಲ್ಲೂ ಕೇರಿ, ಇಲ್ಲೂ ಕೇರಿ.

ಪಕ್ಕದ ಚೆನ್ನೈಯಲ್ಲಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡ 2018ರಲ್ಲಿ 'ಮಗಿಳ್ಚಿ' ಆಲ್ಬಂ ತಂದಿತು. ಮಗಿಳ್ಚಿ ಅಂದರೆ ಸಂತೋಷ. ಉತ್ತರ ಚೆನ್ನೈಯ ಕೇರಿಗಳಲ್ಲಿ ಸಾವಿನ ಮನೆ ಮುಂದೆ ಹಾಡುವ ಗಾನಾ, ರ‍್ಯಾಪಿನ ಕೈ ಹಿಡಿದು ಸ್ಟುಡಿಯೋ ಹೊಕ್ಕಿತು. ಜಾತಿಯ ಹೆಸರೆತ್ತಿ ಕೇಳಿತು.

ನಮ್ಮೂರಲ್ಲಿ ಸಾವಿಗೆ ತಮಟೆ ಹೊಡೆದವರು ನಮ್ಮ ಅಪ್ಪಂದಿರೇ. ಹಾಸ್ಟೆಲಿಗೆ ಬಂದ ಮೇಲೆ ಆ ಸದ್ದನ್ನು ನಾವು ಬಚ್ಚಿಟ್ಟೆವು. ಬಿಟ್ಟಿ ಚಾಕರಿಗೆ ಇನ್ನು ಹೊಡೆಯೋದಿಲ್ಲ ಎಂದದ್ದು ಸರಿ. ಆದರೆ ನಮ್ಮ ಮಾತಿಗೆ ನಾವೇ ಹೊಡೆದರೆ ಅದು ಚಾಕರಿಯಲ್ಲ.

ರ‍್ಯಾಪ್ ಕಟ್ಟುವ ತಮ್ಮಂದಿರೇ, ತಂಗಿಯರೇ, ಬ್ರಾಂಕ್ಸಿನ ನಕಲು ಬೇಡ. ಮನೆಯ ತಮಟೆ ಕಾಯಿಸಿ ತನ್ನಿ. ಅಪ್ಪನ ಹೆಸರು ಹೇಳಿ ಹಾಡಿ.

ಜೈ ಭೀಮ್.