ಕೊರಳಿನ ಗ್ರಂಥಿಗೂ ಬೆದೆಗೂ ಇರುವ ನಂಟು
(ಇಲವಾಲದಲ್ಲಿ ರೈತರ ಮುಂದೆ ಮಾಡಿದ ಭಾಷಣ)



"ಹಸು ಚೆನ್ನಾಗಿ ಮೇಯುತ್ತದೆ, ಬೆದೆಗೆ ಮಾತ್ರ ಬರುವುದಿಲ್ಲ, ಮಾರಿಬಿಡಲೇ?" ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಮಾರುವ ಮುನ್ನ ಪ್ರಯೋಗಾಲಯದ ಇಲಿಯ ಸಂಗತಿಯನ್ನಷ್ಟು ಕೇಳಿ.

ಕೊರಳಿನಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡಂತೆ ಥೈರಾಯಿಡ್ ಗ್ರಂಥಿಯಿದೆ. ಅಯೋಡಿನ್ ಸಿಕ್ಕರೆ ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಹಸು 21 ದಿನಕ್ಕೊಮ್ಮೆ ಬೆದೆಗೆ ಬಂದರೆ ಹೆಣ್ಣಿಲಿ 4-5 ದಿನಕ್ಕೊಮ್ಮೆ ಬರುತ್ತದೆ. ವಿಜ್ಞಾನಿಗಳಿಗೆ ಇಲಿ ಪ್ರಿಯವಾದುದು ಇದರಿಂದಲೂ ಹೌದು. ಈ ಗ್ರಂಥಿಯನ್ನು ತೆಗೆದರೆ, ಇಲ್ಲವೆ ಔಷಧಿಯಿಂದ ಅದರ ಕೆಲಸ ತಡೆದರೆ, ಇಲಿಯ ಬೆದೆ ಏರುಪೇರಾಗುತ್ತದೆ. ಅಂಡಗಳು ಸರಿಯಾಗಿ ಬಲಿಯುವುದಿಲ್ಲ. ಗಬ್ಬವಾದರೂ ಕೆಲವು ಭ್ರೂಣಗಳು ಒಳಗೇ ಕರಗಿ, ಹುಟ್ಟುವ ಮರಿಗಳು ಕಡಿಮೆಯಾಗುತ್ತವೆ. ಹದವರಿತು ಥೈರಾಕ್ಸಿನ್ ಕೊಟ್ಟಾಗ ಬೆದೆ ಸರಿಹೋಗುತ್ತದೆ. ಅತಿಯಾದರೆ ಮತ್ತೆ ಕೆಡುತ್ತದೆ.

ಇಷ್ಟು ಕೇಳಿ ಹಸುವಿಗೆ ಗುಳಿಗೆ ಹುಡುಕಲು ಹೊರಡಬೇಡಿ! ಹೆಚ್ಚಿನ ಹಸುಗಳಲ್ಲಿ ಪೌಷ್ಟಿಕ ಮೇವಿನ ಕೊರತೆಯೋ, ನಮ್ಮ ಕಣ್ಣಿಗೆ ಬೀಳದ ಮೂಕ ಬೆದೆಯೋ ಕಾರಣ. ಆದರೆ ಕರು ಕೊರಳೂದಿ, ಕೂದಲಿಲ್ಲದೆ ಹುಟ್ಟಿದರೆ ಅಯೋಡಿನ್ ಕೊರತೆಯನ್ನು ಶಂಕಿಸಿ. ಮಾರುಕಟ್ಟೆಯಲ್ಲಿ ಅಗ್ಗವೆಂದು ಎಲೆಕೋಸಿನ ಸೊಪ್ಪನ್ನೇ ದಿನವೂ ಹಾಕಬೇಡಿ; ಗ್ರಂಥಿಯ ಕೆಲಸಕ್ಕೆ ಅದು ಅಡ್ಡಿ. ಅಯೋಡಿನ್ ಸೇರಿದ ಖನಿಜ ಮಿಶ್ರಣವನ್ನು ದಿನಕ್ಕೆ 30ರಿಂದ 50 ಗ್ರಾಂ ಹಿಂಡಿಯೊಡನೆ ಕಲಸಿ ಕೊಡಿ. ಆಮೇಲೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ.